ಹಳದಿ ಚೀಟಿ ಕಟ್ಟಿಸಿಕೊಂಡ ಕಾರು

ಬೇರೆಯವರ ಕಾರಿಗೆ ಅಪಘಾತವಾದರೆ ಅದು ಸುದ್ದಿಯಾಗುತ್ತದೆ, ನನ್ನ ಕಾರಿಗಾದರೆ ಮಾತ್ರ ಹೇಗೋ ಪ್ರಹಸನವಾಗಿಬಿಡುತ್ತದೆ. ಅಳೋಣವೆಂದು ಕರ್ಚೀಫು ತೆಗೆದಿರುತ್ತೇನೆ, ಅಷ್ಟರಲ್ಲಿ ಪಕ್ಕದಲ್ಲಿದ್ದವರು ಏನೋ ಒಂದು ಅಂದುಬಿಡುತ್ತಾರೆ, ಅದೇ ಕರ್ಚೀಫನ್ನು ಬಾಯಿಗೆ ಒತ್ತಿಕೊಂಡು ನಗು ತಡೆಯಬೇಕಾಗುತ್ತದೆ.

ನನ್ನ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಪೀಣ್ಯದಲ್ಲಿ ಯಂತ್ರಗಳ ಗೇರು ತಯಾರಿಸುವ ಒಂದು ಫ್ಯಾಕ್ಟರಿಯಲ್ಲಿ ನಾನು ಕ್ವಾಲಿಟಿ ಇನ್ಸ್‌ಪೆಕ್ಟರ್. ಬರುವ ಮಾಲು, ಹೋಗುವ ಮಾಲು ಎರಡನ್ನೂ ಅಳೆದು ಚೀಟಿ ಕಟ್ಟುವುದು ನನ್ನ ಕೆಲಸ. ಹಸಿರು ಚೀಟಿ ಅಂದರೆ ಮಾಲು ಚೆನ್ನಾಗಿದೆ. ಕೆಂಪು ಅಂದರೆ ಗುಜರಿಗೆ. ಹಳದಿ ಅಂದರೆ ಇನ್ನೂ ತೀರ್ಮಾನವಾಗಿಲ್ಲ, ಕಾಯಿರಿ. ಚೀಟಿಯ ಮೇಲೆ ತಾರೀಕು, ಸಹಿ ಇರಲೇಬೇಕು, ಇಲ್ಲದಿದ್ದರೆ ಅದು ಚೀಟಿಯೇ ಅಲ್ಲ. ಹಿಂದೆಲ್ಲ ಹಳದಿ ಚೀಟಿಯ ಮಾಲು ಮೂಲೆ ಹಿಡಿದು ವರ್ಷಗಟ್ಟಲೆ ಕೂತಿರುತ್ತಿತ್ತು. ನೋಡಿ ನೋಡಿ ಸಾಕಾಗಿ ನಾನೇ ಒಂದು ನಿಯಮ ಮಾಡಿದೆ. ಒಂದು ತಿಂಗಳಲ್ಲಿ ತೀರ್ಮಾನ ಆಗದಿದ್ದರೆ ಹಳದಿ ತಾನಾಗಿಯೇ ಕೆಂಪಾಗುತ್ತದೆ, ಯಾರ ಮಾಲಾದರೂ ಸರಿ, ಯಾರನ್ನೂ ಕೇಳಬೇಕಾಗಿಲ್ಲ. ಈ ನಿಯಮದ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು.

ಫ್ಯಾಕ್ಟರಿಯವರು ನನ್ನನ್ನು ಬೆನ್ನ ಹಿಂದೆ ‘ರಿಜೆಕ್ಟ್ ಮೇಡಂ’ ಅನ್ನುತ್ತಾರೆ. ಅತ್ತೆ ಎದುರಿಗೇ ಅನ್ನುತ್ತಾರೆ. ಮದುವೆಯಾದ ಹೊಸದರಲ್ಲಿ ಅವರು ತಟ್ಟಿದ ಅಕ್ಕಿ ರೊಟ್ಟಿ ನೋಡಿ, “ಈ ಅಂಚು ಸ್ವಲ್ಪ ದಪ್ಪ ಬಂದಿದೆ ಅಲ್ವಾ ಅತ್ತೆ?” ಎಂದು ಬಾಯಿತಪ್ಪಿ ಅಂದುಬಿಟ್ಟಿದ್ದೆ. ಅವರು ಅದನ್ನು ಇನ್ನೂ ಮರೆತಿಲ್ಲ.

ಇನ್ನು ಕಾರು. ಚಿಕ್ಕದು, ಬಿಳಿಯದು, ನಾನು ಕೊಳ್ಳುವಾಗಲೇ ಹಳೆಯದು. ಆದರೆ ನನ್ನ ದುಡಿಮೆಯಲ್ಲಿ ಕೊಂಡದ್ದು. ಮದುವೆಗೆ ಮುಂಚೆ ಅಪ್ಪನ ಸೈಕಲ್ಲಿನ ಕ್ಯಾರಿಯರ್, ಮದುವೆಯಾದ ಮೇಲೆ ಯಜಮಾನರ ಸ್ಕೂಟರಿನ ಹಿಂದಿನ ಸೀಟು. ಅಲ್ಲಿಯವರೆಗೆ ರಸ್ತೆ ಅಂದರೆ ನನಗೆ ಯಾರದೋ ಬೆನ್ನು. ಎದುರಿನಿಂದ ಬರುವ ರಸ್ತೆಯನ್ನು ನಾನು ನೋಡಿದ್ದೇ ಈ ಕಾರಿನ ಗಾಜಿನೊಳಗಿಂದ.

ನಮ್ಮದೇ ಮಾಲು

ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ. ಸಂಜೆ ಕೆಲಸ ಮುಗಿಸಿ ಫ್ಯಾಕ್ಟರಿಯಿಂದ ಹೊರಟು ಮುಖ್ಯ ರಸ್ತೆಗೆ ಬಂದಿದ್ದೆನಷ್ಟೆ. ಮುಂದೆ ಒಂದು ಲಾರಿ ನಿಂತಿತ್ತು, ಅದರ ಹಿಂದೆ ನಾನೂ ನಿಂತೆ. ನನ್ನ ಹಿಂದೆ ಬಂದ ಟೆಂಪೋ ಮಾತ್ರ ನಿಲ್ಲಲಿಲ್ಲ.

ನಾನು ಬಾಗಿಲು ತಳ್ಳಿ ಹೊರಗೆ ಬಂದಾಗ ಮೈಮೇಲೆ ಒಂದು ಗೀರೂ ಇರಲಿಲ್ಲ. ಕಾರಿನ ಕಥೆ ಬೇರೆ. ಮುಂದೆ ಬಾನೆಟ್ ಮಡಚಿ ಮೇಲೆದ್ದಿತ್ತು, ಹಿಂದೆ ಡಿಕ್ಕಿಯು ಹಿಂದಿನ ಸೀಟಿಗೆ ಬಂದು ಕೂತಿತ್ತು. ಕಾರಿನಲ್ಲಿ ಏನೂ ಕೆಲಸ ಮಾಡದಿದ್ದರೂ ನನ್ನ ಸಿಟ್ಟು ಮಾತ್ರ ಸರಿಯಾಗಿ ಕೆಲಸ ಮಾಡುತ್ತಿತ್ತು.

“ಬ್ರೇಕ್ ಹಾಕಕ್ಕೆ ಬರಲ್ವೇನ್ರೀ ನಿಮಗೆ?” ಎಂದು ಟೆಂಪೋ ಡ್ರೈವರನ ಮೇಲೆ ಹಾರಿದೆ.

“ಹಾಕ್ದೆ ಮೇಡಂ. ಲೋಡ್ ಜಾಸ್ತಿ, ನಿಲ್ಲಲಿಲ್ಲ.”

“ಅಂಥಾ ಏನ್ರೀ ಲೋಡು?”

ಅವನು ನನ್ನ ಮುಖವನ್ನು ಸರಿಯಾಗಿ ನೋಡಿದ್ದು ಆಗಲೇ. ಟೋಪಿ ತೆಗೆದು ತಲೆ ಕೆರೆದುಕೊಂಡ. “ನಿಮ್ದೇ ಮೇಡಂ. ಬೆಳಗ್ಗೆ ಒಂದೂ ಬಿಡದೆ ರಿಜೆಕ್ಟ್ ಮಾಡಿದ್ರಲ್ಲ, ಆ ಕಬ್ಬಿಣದ ಕಾಸ್ಟಿಂಗ್ ಪೂರ್ತಿ ವಾಪಸ್ ತಗೊಂಡ್ ಹೋಗ್ತಾ ಇದ್ದೆ. ಅರ್ಧನಾದ್ರೂ ಪಾಸ್ ಮಾಡಿದ್ದಿದ್ರೆ ಗಾಡಿ ನಿಲ್ತಿತ್ತು.”

ನೋಡಲು ಬಂದವರು

ಫ್ಯಾಕ್ಟರಿ ಹತ್ತಿರವಿದ್ದದ್ದರಿಂದ ಕಾರನ್ನು ಸರಪಳಿ ಕಟ್ಟಿ ಎಳೆದು ತಂದು ನಮ್ಮ ಯಾರ್ಡಿನ ಮೂಲೆಯಲ್ಲಿ ನಿಲ್ಲಿಸಿದೆವು. ಯಾರ್ಡು ನಮ್ಮ ಸ್ಟೋರ್‌ಕೀಪರನ ಸಾಮ್ರಾಜ್ಯ. ವಿಜಯಪುರದ ಕಡೆಯವನು, ರಾಜಗೋಪಾಲನಗರದಲ್ಲಿ ಬಾಡಿಗೆ ರೂಮು, ನನ್ನ ನಿಯಮಗಳನ್ನು ನನಗಿಂತ ಭಕ್ತಿಯಿಂದ ಪಾಲಿಸುವ ಒಬ್ಬನೇ ಮನುಷ್ಯ.

“ಮೇಡಂ, ಚೀಟಿ?” ಎಂದ.

“ಏನ್ರೀ, ನನ್ನ ಕಾರು ರೀ ಅದು!”

“ಇರ್ಲಿರೀ. ಯಾರ್ಡನ್ಯಾಗ ಚೀಟಿ ಇಲ್ದ ಒಂದು ಬೋಲ್ಟ್ ಸೈತ ಇರಬಾರ್ದು ಅಂತ ನೀವ ಹೇಳೀರಿ.”

ಹೌದು, ಹೇಳಿದ್ದೆ. ರಿಪೇರಿಯೋ ಗುಜರಿಯೋ ಇನ್ನೂ ಗೊತ್ತಿಲ್ಲವಲ್ಲ ಎಂದು ಹಳದಿ ಚೀಟಿ ಬರೆದು, ತಾರೀಕು ಹಾಕಿ, ಸಹಿ ಮಾಡಿ, ಕನ್ನಡಿಗೆ ಕಟ್ಟಿದೆ. ಕನ್ನಡಿಯೂ ಒಡೆದಿತ್ತು.

ಮಾರನೆಯ ದಿನದಿಂದ ಟೀ ಹೊತ್ತಿಗೆ ಎಲ್ಲರೂ ಲೋಟ ಹಿಡಿದು ಬಂದು ಆಸ್ಪತ್ರೆಯಲ್ಲಿ ರೋಗಿಯ ಮಂಚದ ಸುತ್ತ ನಿಲ್ಲುವಂತೆ ನಿಲ್ಲುತ್ತಿದ್ದರು. ವೆಲ್ಡಿಂಗಿನವನ ಪ್ರಕಾರ ನಾಲ್ಕು ಕಡೆ ವೆಲ್ಡಿಂಗ್ ಹೊಡೆದರೆ ಸಾಕು. ಪ್ರೆಸ್ಸಿನವನ ಪ್ರಕಾರ ಅವನ ಪ್ರೆಸ್ಸಿಗೆ ಕೊಟ್ಟು ಒಂದು ಸಲ ಅದುಮಿದರೆ ಎಲ್ಲ ನೆಟ್ಟಗಾಗುತ್ತದೆ. ಪೇಂಟಿನವನು ಮಾತ್ರ ಕಾರಿನ ಸುತ್ತ ಒಂದು ಸುತ್ತು ಬಂದು, ನನ್ನ ಹತ್ತಿರ ಬಂದು ಸಮಾಧಾನದ ದನಿಯಲ್ಲಿ ಹೇಳಿದ: “ಯೋಚನೆ ಮಾಡ್ಬೇಡಿ ಮೇಡಂ. ಒಳಗೆ ಏನ್ ಬೇಕಾದ್ರೂ ಆಗಿರ್ಲಿ, ಮೇಲೆ ಎರಡು ಕೋಟು ಹೊಡೆದ್ಬಿಟ್ರೆ ಯಾರಿಗ್ ಗೊತ್ತಾಗುತ್ತೆ?”

ಅವತ್ತು ಮಧ್ಯಾಹ್ನ ಅವನು ಬಣ್ಣ ಹೊಡೆದಿಟ್ಟಿದ್ದ ಮಾಲನ್ನೆಲ್ಲ ಇಳಿಸಿ ಮತ್ತೊಂದು ಸಲ ತಪಾಸಣೆ ಮಾಡಿದೆ.

ಚಾಕ್‌ಪೀಸಿನ ಗುರುತು

ಭಾನುವಾರ ಮೆಕ್ಯಾನಿಕ್ ಬಂದ. ನಾನು, ಯಜಮಾನರು, ಅತ್ತೆ ಮೂವರೂ ಹಾಜರು. ಯಜಮಾನರು ಸ್ಕೂಲ್ ಮೇಷ್ಟರು, ಕಾರಿನ ಬಗ್ಗೆ ಅವರಿಗೆ ತಿಳಿದಿರುವುದು ಅದು ಓಡುತ್ತದೆ ಎಂಬುದು ಮಾತ್ರ. ಅತ್ತೆಯ ಊರು ಈಗ ಸಿಟಿಯೊಳಗೆ ಸೇರಿಹೋಗಿದೆ, ಆದರೂ ಪೀಣ್ಯಕ್ಕೆ ಬರುವುದನ್ನು ಅವರು ‘ಬೆಂಗಳೂರಿಗೆ ಓಗಿದ್ದೆ’ ಎಂದೇ ಹೇಳುವುದು.

ಮೆಕ್ಯಾನಿಕ್ ಜೇಬಿನಿಂದ ಚಾಕ್‌ಪೀಸ್ ತೆಗೆದು ಕೆಟ್ಟಿರುವ ಕಡೆಯೆಲ್ಲ ಗುಂಡಗೆ ಗುರುತು ಹಾಕುತ್ತಾ ಹೊರಟ. ಬಾನೆಟ್ಟಿಗೊಂದು, ರೇಡಿಯೇಟರಿಗೊಂದು, ಎರಡೂ ಲೈಟಿಗೆ, ಬಾಗಿಲಿಗೆ. ಒಂದು ಸುತ್ತು ಬರುವ ಮೊದಲೇ ಚಾಕ್‌ಪೀಸ್ ಮುಗಿಯಿತು. ಇನ್ನೊಂದು ತುಂಡು ಹುಡುಕಿ ತೆಗೆದು, ಅದನ್ನು ನೋಡಿ, ಕಾರನ್ನು ನೋಡಿ, “ಮೇಡಂ, ಉಲ್ಟಾ ಮಾಡಣ. ಚೆನ್ನಾಗಿರೋದಕ್ಕೆ ಗುರುತು ಹಾಕ್ತೀನಿ, ಚಾಕ್‌ಪೀಸ್ ಉಳಿಯುತ್ತೆ” ಎಂದ.

ಕಾರಿನಡಿ ತೂರಿಕೊಂಡವನು ಅಲ್ಲಿಂದಲೇ ಕೂಗಿದ. “ಬುಡ ನೆಟ್ಟಗಿದೆ ಮೇಡಂ! ಚಾಸಿ ಒಂಚೂರೂ ಬಾಗಿಲ್ಲ!” ನನಗೆ ನಂಬಿಕೆ ಬರಲಿಲ್ಲ. ಚೂಡಿದಾರದಲ್ಲೇ ನಾನೂ ತೂರಿಕೊಂಡು ಟೇಪು ಹಿಡಿದು ಮೂಲೆಯಿಂದ ಮೂಲೆಗೆ ಅಳೆದೆ. ನಿಜವಾಗಿಯೂ ನೆಟ್ಟಗಿತ್ತು. ಕಾರಿನ ಅಡಿಯಲ್ಲಿ ಮಲಗಿಕೊಂಡೇ ನನಗೆ ಕಣ್ಣಲ್ಲಿ ನೀರು ಬಂತು.

ಮೆಕ್ಯಾನಿಕ್ ಎದ್ದು ಮುಂಭಾಗಕ್ಕೆ ಹೋಗಿ ಬಗ್ಗಿದ. ನಜ್ಜುಗುಜ್ಜಾದ ಬಂಪರಿನ ನಡುವೆ, ಅತ್ತೆ ಪ್ರತಿ ಅಮಾವಾಸ್ಯೆ ಕಟ್ಟುವ ನಿಂಬೆಹಣ್ಣು ಮೆಣಸಿನಕಾಯಿಯ ದಾರ ಹಾಗೆಯೇ ತೂಗುತ್ತಿತ್ತು. ನಿಂಬೆಹಣ್ಣು ಜಜ್ಜಿಹೋಗಿಲ್ಲ, ಒಂದು ಮೆಣಸಿನಕಾಯಿಯ ತೊಟ್ಟೂ ಮುರಿದಿಲ್ಲ. ಅವನು ಭಯಭಕ್ತಿಯಿಂದ ಅದರ ಪಕ್ಕ ಒಂದು ಗುರುತು ಹಾಕಿದ.

ಅತ್ತೆ ನಮ್ಮಿಬ್ಬರ ಕಡೆ ತಿರುಗಿದರು. “ನಂಬಾಕಿಲ್ಲ ಅಂತಿದ್ರಲ್ಲ, ಈಗ ನೋಡ್ರಪ್ಪ ಅದರ ಸಕ್ತಿನಾ. ಇಡೀ ಕಾರೇ ಓದ್ರೂ ಅದ್ಕೆ ಏನೂ ಆಗಿಲ್ಲ!”

ದೇವಿಯ ಅಭಿಪ್ರಾಯ

“ಮಾಡಿಸೋದೋ ಬಿಡೋದೋ ನಾವ್ಯಾಕೆ ಜಗಳ ಆಡಾದು? ಅಮ್ಮನ್ನೇ ಕೇಳಣ” ಎಂದರು ಅತ್ತೆ. ಊರಿನ ದೇವಿಯ ಗುಡಿಯಲ್ಲಿ ಹೂ ಕೇಳುವ ಪದ್ಧತಿ ಇದೆ. ದೇವಿಯ ಮೈಮೇಲೆ ಒದ್ದೆ ಹೂ ಅಂಟಿಸಿ, ಮನಸ್ಸಿನಲ್ಲಿರುವುದನ್ನು ಕೇಳಿಕೊಳ್ಳುವುದು. ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಊಹೂಂ. ಮದುವೆ, ಬೋರ್‌ವೆಲ್ಲು, ಮನೆ ಪಾಯ ಎಲ್ಲಕ್ಕೂ ಕೇಳುತ್ತಾರೆ. ಕಾರಿನ ಟಿಂಕರಿಂಗಿಗೆ ಕೇಳಿದ್ದು ಬಹುಶಃ ನಾವೇ ಮೊದಲು.

ಪೂಜಾರಿ ಹೂ ಅಂಟಿಸಿದರು. ನಾವು ಕೈಮುಗಿದು ನಿಂತೆವು. ಹೂ ಬೀಳಲಿಲ್ಲ. ನಾನು ಒಳಗೊಳಗೇ ‘ಬಲಕ್ಕೆ ತಾಯಿ, ಬಲಕ್ಕೆ’ ಅನ್ನುತ್ತಿದ್ದೆ. ಪಕ್ಕದಲ್ಲಿ ಅತ್ತೆಯ ತುಟಿ ‘ಎಡಕ್ಕೆ’ ಅನ್ನುತ್ತಿದ್ದದ್ದು ಕಾಣುತ್ತಿತ್ತು. ಯಜಮಾನರು ಎರಡೂ ಕಡೆಯವರನ್ನು ನೋಡಿ ಕಣ್ಣು ಮುಚ್ಚಿಕೊಂಡರು.

ಹೊತ್ತು ಕಳೆದಂತೆ ನನ್ನ ವೃತ್ತಿಬುದ್ಧಿ ತಡೆಯಲಿಲ್ಲ. “ಸ್ವಾಮಿ, ಒಂದೇ ಹೂವಿನ ಮೇಲೆ ಹೇಗೆ ತೀರ್ಮಾನ ಮಾಡೋದು? ಬೇರೆ ಬೇರೆ ಬುಟ್ಟಿಯಿಂದ ಮೂರು ಹೂ ತಗೊಂಡು ನೋಡಿದ್ರೆ...” ಎಂದೆ. ಪೂಜಾರಿ ನನ್ನನ್ನು ನೋಡಿದ ನೋಟಕ್ಕೆ ಅತ್ತೆ ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದರು.

ಆಗ ಹೂ ಬಿತ್ತು. ಬಲಕ್ಕೂ ಅಲ್ಲ, ಎಡಕ್ಕೂ ಅಲ್ಲ, ನೇರವಾಗಿ ಕೆಳಗೆ, ಪೂಜಾರಿಯ ಹರಿವಾಣಕ್ಕೆ.

“ಅಂದ್ರೆ ಏನ್ ಸ್ವಾಮಿ?” ಎಂದರು ಯಜಮಾನರು.

ಪೂಜಾರಿ ಹೂ ಎತ್ತಿ ಕಣ್ಣಿಗೊತ್ತಿಕೊಂಡು ಸ್ವಲ್ಪ ಹೊತ್ತು ಧ್ಯಾನಿಸಿದರು. “ಇನ್ನೊಬ್ಬ ಮೆಕ್ಯಾನಿಕ್‌ಗೆ ತೋರಿಸಿ ಅಂತ ಅಮ್ಮನ ಅಪ್ಪಣೆಯಾಗಿದೆ” ಎಂದವರು, ತೀರ್ಥ ಕೊಡುತ್ತಾ ದನಿ ತಗ್ಗಿಸಿ, “ಹಿಂದಿನ ಬೀದೀಲಿ ನಮ್ಮ ಭಾಮೈದಂದೇ ಗ್ಯಾರೇಜಿದೆ” ಎಂದರು.

ಮನೆಯೊಳಗಿನ ಪಕ್ಷಗಳು

ದಿನಗಳು ಹೀಗೇ ಹೋದವು. ನಮ್ಮ ಯಜಮಾನರು ಬೆಳಗ್ಗೆ ರಿಪೇರಿ ಪಕ್ಷ, ಸಂಜೆ ಗುಜರಿ ಪಕ್ಷ. ಬೆಳಗ್ಗೆ ನನ್ನನ್ನು ಸ್ಕೂಟರಿನಲ್ಲಿ ಫ್ಯಾಕ್ಟರಿಗೆ ಬಿಟ್ಟು, ಅಲ್ಲಿಂದ ತಿರುಗಿ ಸ್ಕೂಲಿಗೆ ಹೋಗುವಷ್ಟರಲ್ಲಿ ಪ್ರಾರ್ಥನೆ ಮುಗಿದು ಹೆಡ್‌ಮಾಸ್ಟರು ಗೇಟಿನಲ್ಲಿ ನಿಂತಿರುತ್ತಿದ್ದರು. “ಮಾಡಿಸ್ಬಿಡೋಣ ಕಣೇ” ಅನ್ನುತ್ತಿದ್ದರು. ಸಂಜೆ ಸ್ಟಾಫ್‌ರೂಮಿನಲ್ಲಿ ಯಾರೋ ಹೊಸ ಕಾರಿನ ಬಣ್ಣ ಬಣ್ಣದ ಕಾಗದ ತೋರಿಸಿರುತ್ತಿದ್ದರು. “ಆ ಡಬ್ಬ ಯಾಕೆ ಬಿಡು” ಅನ್ನುತ್ತಿದ್ದರು. ಅವರ ಅಭಿಪ್ರಾಯ ತಿಳಿಯಬೇಕಾದರೆ ಮೊದಲು ಗಡಿಯಾರ ನೋಡಬೇಕಿತ್ತು.

ಅತ್ತೆಯದು ಮಾತ್ರ ಒಂದೇ ಮಾತು, ಕೊಟ್ಟು ಕಳೆದುಕೊಳ್ಳಿ ಅಂತ. ಒಂದು ದಿನ ರೇಗಿ ಕೇಳಿಯೇಬಿಟ್ಟೆ. “ನನ್ನ ಕಾರು ಕಂಡ್ರೆ ನಿಮಗೆ ಯಾಕೆ ಅತ್ತೆ ಅಷ್ಟು ಕೋಪ?”

ಅವರು ಹಿಟ್ಟು ನಾದುತ್ತಿದ್ದವರು ಕೈ ನಿಲ್ಲಿಸಿದರು. “ಅವತ್ತು ಆ ಕಾರ್ ನೋಡ್ದಾಗ ನನ್ ಎದೆ ಒಡದೋಯ್ತು ಕಣಮ್ಮ. ಇದರೊಳಗಿಂದ ಇವಳು ಎಂಗ್ ಎದ್ ಬಂದ್ಲಪ್ಪಾ ಅಂತ. ಕಾರು ಆಳಾಗೋಗ್ಲಿ, ನೀನು ಚೆನ್ನಾಗಿರು ಸಾಕು.”

ಅತ್ತೆಯ ಬಾಯಿಂದ ಅಂಥ ಮಾತು ಕೇಳಿದ್ದು ಅದೇ ಮೊದಲು. ನಾನು ಅವರ ಪಕ್ಕ ಹೋಗಿ ಕೂರುವಷ್ಟರಲ್ಲಿ ಅವರು ಹಿಟ್ಟಿಗೆ ಗುದ್ದುತ್ತಾ ಮುಂದುವರಿಸಿದರು. “ರೊಟ್ಟಿಗೆ ಎಸರಿಡಾಕಾದ್ರೂ ಮನೇಲಿ ಒಬ್ರು ಬೇಕಲ್ಲ.”

ಆಡಿಟರ್ ಕಂಡ ಒಂದೇ ತಪ್ಪು

ನಮ್ಮ ದೊಡ್ಡ ಗಿರಾಕಿ ಕಂಪನಿಯಿಂದ ಫ್ಯಾಕ್ಟರಿ ತಪಾಸಣೆಗೆ ಆಡಿಟರ್ ಬರುವ ದಿನ ಬಂತು. ಫ್ಯಾಕ್ಟರಿಯೆಲ್ಲ ತೊಳೆದು, ನೆಲಕ್ಕೆ ಹಳದಿ ಗೆರೆ ಎಳೆದು, ಎಲ್ಲರಿಗೂ ಹೊಸ ಸಮವಸ್ತ್ರ. ನಾನು ಒಂದು ವಾರದಿಂದ ಕಾರನ್ನಷ್ಟೇ ಅಲ್ಲ, ಊಟವನ್ನೂ ಮರೆತಿದ್ದೆ.

ಆಡಿಟರ್ ಬೆಳಗಿನಿಂದ ಹುಡುಕಿದರು, ಏನೂ ಸಿಗಲಿಲ್ಲ. ಮ್ಯಾನೇಜರ್ ಮುಖ ಅರಳುತ್ತಾ ಹೋಯಿತು. ಕೊನೆಗೆ ಯಾರ್ಡಿಗೆ ಬಂದು, ಕಾರಿಗೆ ಹೊದಿಸಿದ್ದ ಟಾರ್ಪಾಲಿನ್ ಎತ್ತಿದರು. ಕಾರನ್ನು ನೋಡಿ ಅವರಿಗೇನೂ ಅನ್ನಿಸಲಿಲ್ಲ. ನೇರವಾಗಿ ಚೀಟಿಗೆ ಕೈಹಾಕಿ, ತಾರೀಕು ಓದಿ, ತಮ್ಮ ಮೊಬೈಲಿನಲ್ಲಿ ಇವತ್ತಿನ ತಾರೀಕು ನೋಡಿದರು. ಹಳದಿ ಚೀಟಿಗೆ ಒಂದು ತಿಂಗಳು ದಾಟಿದೆ, ತೀರ್ಮಾನವಾಗಿಲ್ಲ, ಸಹಿ ಮಾಡಿದವರು ಯಾರು ಎಂದು ಕೇಳಿದರು.

ಎಲ್ಲರೂ ನನ್ನನ್ನು ನೋಡಿದರು. ಇಡೀ ಫ್ಯಾಕ್ಟರಿಯಲ್ಲಿ ಸಿಕ್ಕ ಒಂದೇ ಒಂದು ತಪ್ಪು ಕ್ವಾಲಿಟಿಯವಳ ಕಾರು. ಮ್ಯಾನೇಜರ್ ಹಲ್ಲು ಕಚ್ಚಿಕೊಂಡು, “ಸಂಜೆಯೊಳಗೆ ನಿಯಮದ ಪ್ರಕಾರ ಕ್ಲಿಯರ್ ಮಾಡಿಸ್ತೀವಿ ಸರ್” ಎಂದು ಭರವಸೆ ಕೊಟ್ಟು, ಆಡಿಟರನ್ನೂ ನನ್ನನ್ನೂ ಮೀಟಿಂಗಿಗೆ ಕರೆದೊಯ್ದರು.

ಮೀಟಿಂಗ್ ಮುಗಿಸಿ ಯಾರ್ಡಿಗೆ ಓಡಿ ಬಂದರೆ ಮೂಲೆಯಲ್ಲಿ ಮಡಚಿಟ್ಟ ಟಾರ್ಪಾಲಿನ್ ಮಾತ್ರ ಇತ್ತು.

“ನನ್ನ ಕಾರು ಎಲ್ರೀ?”

“ಗುಜರಿಯಾಂವ ಒಯ್ದ್ರಿ” ಎಂದ ಸ್ಟೋರ್‌ಕೀಪರ್, ಮೆಚ್ಚುಗೆಯ ಮಾತಿಗೆ ಕಾಯುವವನಂತೆ. “ಹಳದಿ ಬಿಚ್ಚಿ ಕೆಂಪು ಕಟ್ಟಿ ಕಳಸೀನ್ರಿ.”

“ಅಯ್ಯೋ! ನನ್ನನ್ನ ಒಂದು ಮಾತು ಕೇಳೋದಲ್ವೇನ್ರೀ!”

“ಯಾರ ಮಾಲಾದ್ರೂ ಸರಿ, ಯಾರನ್ನೂ ಕೇಳಬ್ಯಾಡ ಅಂತ ನೀವ ಹೇಳೀರಲ್ರೀ ಮೇಡಂ. ಅದಕ್ಕ, ನಿಮಗಂತೂ ಕೇಳಾಕ ಹೋಗಲಿಲ್ರಿ.”

ಗೇಟಿನ ಮುಂದೆ

ನಾನು ಯಜಮಾನರಿಗೆ ಫೋನ್ ಮಾಡಿ ಏನು ಹೇಳಿದೆನೋ ನನಗೇ ಗೊತ್ತಿಲ್ಲ, ಬರೀ ಅಳು. ಒಂದು ಸಲ ಬಿದ್ದ ಮೇಲೆ ಇನ್ನು ಸ್ಕೂಟರ್ ಹತ್ತುವುದಿಲ್ಲ ಎಂದು ದೇವರ ಮೇಲೆ ಆಣೆ ಮಾಡಿದ್ದ ಅತ್ತೆ, ಮಗನ ಷರಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸ್ಕೂಟರಿನ ಹಿಂದೆ ಕೂತು ಬಂದೇಬಿಟ್ಟರು. ಇಳಿದವರೇ, “ಕಾರು ಓಗ್ಲಿ ಅಂದೆ, ಏಳ್ದೆ ಕೇಳ್ದೆ ಎತ್ಕೊಂಡೋಗ್ಲಿ ಅಂದ್ನಾ? ನಮ್ಮನೆ ಬಾಗ್ಲಲ್ಲಿ ಪೂಜೆ ಮಾಡಿಸ್ಕೊಂಡಿರೋ ಗಾಡಿ ಅದು! ಎಲ್ಲಿ ಆ ಗುಜರಿಯೋನು, ನಡಿ!” ಎಂದು ಸೆರಗು ಸಿಕ್ಕಿಸಿದರು.

ನಾವು ಹೊರಡುವ ಮೊದಲೇ ಗೇಟಿನ ಮುಂದೆ ಗುಜರಿಯವನ ಗಾಡಿ ಬಂದು ನಿಂತಿತು. ಅದರ ಮೇಲೆ ನನ್ನ ಕಾರು. ಗುಜರಿಯವನು ಸಿಟ್ಟಿನಿಂದ ಇಳಿದ.

“ಏನ್ ಮೇಡಂ ಇದು? ಹಿತ್ತಾಳೆ ಚೂರು ಕಬ್ಬಿಣದ ಚೂರು ಮಿಕ್ಸ್ ಮಾಡ್ದೆ ಅಂತ ಹೋದ ಸಲ ಎಲ್ಲರ ಮುಂದೆ ನನ್ನ ಎಷ್ಟು ಬೈದ್ರಿ! ಈಗ ನೀವು ಕಳಿಸಿರೋದ್ ನೋಡಿ. ಕಬ್ಬಿಣ ಇದೆ, ಗಾಜಿದೆ, ರಬ್ಬರಿದೆ, ಸ್ಪಂಜಿದೆ.” ಅವನು ಬಂಪರಿನ ಕಡೆ ಕೈ ತೋರಿಸಿದ. “ನಿಂಬೆಹಣ್ಣಿದೆ ಮೇಡಂ! ಇಂಥ ಮಾಲು ನಾನು ತಗೊಳ್ಳಲ್ಲ. ರಿಜೆಕ್ಟ್!”

ನನ್ನ ಮಾಲನ್ನು ಯಾರೋ ರಿಜೆಕ್ಟ್ ಮಾಡಿದ್ದು ನನ್ನ ಜೀವನದಲ್ಲಿ ಅದೇ ಮೊದಲು. ಅವನ ಕಾಲಿಗೆ ಬೀಳಬೇಕೆನ್ನಿಸಿತು.

ಕಾರನ್ನು ಕೆಳಗಿಳಿಸಿ ಒಳಗೆ ತಳ್ಳಬೇಕು ಅನ್ನುವಷ್ಟರಲ್ಲಿ ಸ್ಟೋರ್‌ಕೀಪರ್ ಗೇಟಿಗೆ ಅಡ್ಡ ನಿಂತ. “ಹೊರಗಿಂದ ಬಂದ ಮಾಲು ತಪಾಸಣಿ ಆಗದ ಒಳಗ ಬಿಡಂಗಿಲ್ರಿ. ಚೀಟಿ ಬೇಕ್ರಿ.”

“ಸರಿ, ಹಳದಿ ಕೊಡಿ.”

“ಒಂದ ಮಾಲಿಗೆ ಎರಡನೇ ಸಲ ಹಳದಿ ಇಲ್ರೀ. ಅದೂ ನಿಮ್ದ ರೂಲ್ ರೀ.” ಅವನು ಎರಡೂ ಕೈ ಚಾಚಿದ. ಒಂದರಲ್ಲಿ ಕೆಂಪು, ಒಂದರಲ್ಲಿ ಹಸಿರು.

ರಸ್ತೆಯಲ್ಲಿ ಹಿಂದೆ ನಿಂತಿದ್ದ ಲಾರಿಗಳೆಲ್ಲ ಹಾರ್ನ್ ಬಾರಿಸತೊಡಗಿದವು. ಅಷ್ಟೂ ದಿನ ತಲೆ ಕೆಡಿಸಿಕೊಂಡಿದ್ದ ನನಗೆ ಅವತ್ತು ಯೋಚಿಸಲು ಪುರಸೊತ್ತೇ ಇರಲಿಲ್ಲ. ಮುಂಭಾಗ ಹೋಗಿದೆ, ಹಿಂಭಾಗ ಹೋಗಿದೆ, ಆದರೆ ಬುಡ ನೆಟ್ಟಗಿದೆ. ಮತ್ತೆ ಯಾರದೋ ಬೆನ್ನು ನೋಡಿಕೊಂಡು ರಸ್ತೆಯಲ್ಲಿ ಓಡಾಡಲು ನನ್ನಿಂದ ಆಗುವುದಿಲ್ಲ. ಹಸಿರು ಚೀಟಿ ಕಿತ್ತುಕೊಂಡು ಒಡೆದ ಕನ್ನಡಿಗೆ ಕಟ್ಟಿದೆ.

“ತಾರೀಕ್ರಿ” ಎಂದ ಸ್ಟೋರ್‌ಕೀಪರ್. ಹಾಕಿದೆ. “ಸಹಿ ರೀ.” ಅದನ್ನೂ ಮಾಡಿದೆ. ಆಮೇಲೆಯೇ ಅವನು ದಾರಿ ಬಿಟ್ಟದ್ದು. ಅತ್ತೆ ಇದನ್ನೆಲ್ಲ ಬಹಳ ಗಮನವಿಟ್ಟು ನೋಡುತ್ತಿದ್ದರು.

ರಿಪೇರಿ ಬಹಳ ದಿನ ಹಿಡಿಯಿತು. ಕಾರು ಮನೆಗೆ ಬಂದಾಗ ಅತ್ತೆಯೇ ಆರತಿ ಎತ್ತಿ, ಮುಂದಿನ ಸೀಟಿನಲ್ಲಿ ಕೂತು, ಹೊಸ ನಿಂಬೆಹಣ್ಣನ್ನು ಮಡಿಲಲ್ಲಿಟ್ಟುಕೊಂಡು ನನ್ನ ಜೊತೆ ಹೊರಟರು. ಕನ್ನಡಿಯಲ್ಲಿ ತೂಗುತ್ತಿದ್ದ ಹಸಿರು ಚೀಟಿ ನೋಡಿ ಟ್ರಾಫಿಕ್ ಪೊಲೀಸ್ ಒಬ್ಬರು ಸಿಗ್ನಲ್ಲಿನಲ್ಲಿ ಬಗ್ಗಿ, “ಏನಮ್ಮ ಇದು?” ಎಂದರು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಶುರು ಮಾಡಿದರು. “ಚೆನ್ನಾಗೈತೆ ಅಂತ ನನ್ ಸೊಸೆ ಬರೆದಿರೋ ಚೀಟಿ ಕಣಪ್ಪ. ಸುಮ್‌ಸುಮ್ನೆ ಕೊಡೋಳಲ್ಲ ಇವಳು. ಇಷ್ಟು ವರ್ಸ ಆಯ್ತು, ನನ್ ರೊಟ್ಟಿಗೆ ಇನ್ನೂ ಸಿಕ್ಕಿಲ್ಲ!”

ಪೊಲೀಸಿನವರು ನಕ್ಕು ಬಿಟ್ಟರು. ನನಗೆ ಮಾತ್ರ ಅದು ಮನಸ್ಸಿಗೆ ನಾಟಿತು. ಮಾರನೆಯ ದಿನ ಫ್ಯಾಕ್ಟರಿಯಿಂದ ಒಂದು ಹಸಿರು ಚೀಟಿ ತಂದು, ‘ರೊಟ್ಟಿ ಚೆನ್ನಾಗಿದೆ’ ಎಂದು ದೊಡ್ಡದಾಗಿ ಬರೆದು, ಅತ್ತೆಯ ರೊಟ್ಟಿ ಡಬ್ಬಿಗೆ ದಾರದಲ್ಲಿ ಕಟ್ಟಿ, ಸಂಭ್ರಮದಿಂದ ಅವರ ಮುಂದಿಟ್ಟೆ.

ಅತ್ತೆ ಕನ್ನಡಕ ಹಾಕಿಕೊಂಡರು. ಚೀಟಿಯನ್ನು ಈ ಕಡೆ ನೋಡಿದರು, ತಿರುಗಿಸಿ ಆ ಕಡೆ ನೋಡಿದರು. ಆಮೇಲೆ ನಿಧಾನವಾಗಿ ಬಿಚ್ಚಿ ನನ್ನ ಕೈಗೇ ವಾಪಸ್ ಕೊಟ್ಟರು.

“ತಾರೀಕಿಲ್ಲ, ಸೈನಿಲ್ಲ. ನಡೆಯಾಕಿಲ್ಲ ಕಣಮ್ಮ.”